ಬೆಳಗಾವಿಯ ನಮ್ಮ ಮನೆಗೆ ಹಳೆಯ ಕನ್ಸೋಲ್ ಟೇಬಲ್ ಕೊಳ್ಳಬೇಕು. ಅದು ನಿಜವಾಗಿಯೂ ಹಳೆಯದೇ ಅಂತ ಹೇಗೆ ತಿಳಿಯೋದು?

ಮುಂಭಾಗದ ಹೊಳಪು ನೋಡಿ ಮರುಳಾಗಬೇಡಿ. ಟೇಬಲ್ಲನ್ನು ಎಳೆದು ಬೆನ್ನು ನೋಡಿ. ಕನ್ಸೋಲ್ ಅಂದರೆ ಗೋಡೆಗೆ ಒರಗಿ ನಿಲ್ಲಲೆಂದೇ ಮಾಡಿದ ಕಿರಿದಾದ ಮೇಜು ಅಲ್ವಾ? ಹಾಗಾಗಿ ಹಿಂದಿನ ಬಡಗಿಗಳು ಹಿಂಬದಿಯನ್ನು ಹೆಚ್ಚು ಉಜ್ಜಿ ಪಾಲಿಶ್ ಮಾಡುತ್ತಿರಲಿಲ್ಲ. ಬೆನ್ನೂ ಮುಖದಷ್ಟೇ ನುಣುಪಾಗಿದ್ದರೆ ಅನುಮಾನ ಪಡಿ.

ಆಮೇಲೆ ಡ್ರಾವರ್ ಪೂರ್ತಿ ಹೊರಗೆ ತೆಗೆಯಿರಿ. ಮೂಲೆಯ ಜೋಡಣೆಯ ಹಲ್ಲುಗಳು ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಅದು ಕೈಕೆಲಸ. ಎಲ್ಲವೂ ಒಂದೇ ಅಳತೆ ಅಂದರೆ ಬಹುಪಾಲು ಮೆಷಿನ್ ಕೆಲಸ. ಸ್ಕ್ರೂ ತಲೆಯನ್ನೂ ನೋಡಿ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಒಂದೆರಡನ್ನು ರಿಪೇರಿಗೆ ಹಾಕಿರಬಹುದು. ಎಲ್ಲವೂ ಹಾಗೇ ಇದ್ದರೆ "ನೂರು ವರ್ಷದ್ದು" ಎಂಬ ಮಾತು ನಂಬಬೇಡಿ. ಸಾಮಾನ್ಯವಾಗಿ ನೂರು ದಾಟಿದ್ದನ್ನೇ ಆಂಟಿಕ್ ಅನ್ನೋದು, ಅದಕ್ಕಿಂತ ಈಚಿನದು ವಿಂಟೇಜ್. ದಿನಬಳಕೆಗೆ ಗಟ್ಟಿಯಾದ ವಿಂಟೇಜ್ ಸಾಗವಾನಿ ಮೇಜೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕಾಲಿನ ಬುಡದಲ್ಲಿ ಸಣ್ಣ ತೂತು, ಹಿಟ್ಟಿನಂಥ ಹೊಸ ಪುಡಿ ಕಂಡರೆ ಒಳಗೆ ಹುಳ ಇನ್ನೂ ಇದೆ. ಬೆಲೆ ಎಷ್ಟೇ ಇಳಿಸಲಿ, ಬಿಟ್ಟುಬಿಡಿ.

ನಮ್ಮೂರ ಮಳೆಗಾಲ ಗೊತ್ತಲ್ಲ. ಕ್ಯಾಂಪ್ (ದಂಡು ಪ್ರದೇಶ) ಕಡೆಯ ಹಳೇ ಬಂಗಲೆಯಾದರಂತೂ ಗೋಡೆಗೆ ತೇವ ಹತ್ತುವುದು ಜಾಸ್ತಿ. ಮೇಜಿನ ಹಿಂದೆ ಎರಡು ಬೆರಳು ಜಾಗ ಬಿಡಿ. ಹಳೇ ಪಾಲಿಶ್ ಹೆಚ್ಚಾಗಿ ಅರಗಿನದು. ಬಿಸಿ ಚಹಾದ ಕಪ್ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ಒರೆಸಲು ಒಣ ಹತ್ತಿ ಬಟ್ಟೆ ಸಾಕು.