ಚರ್ಚಿನಲ್ಲಿ ಲೈವ್, ಕ್ಯೂಆರ್ ಮತ್ತು ಕಾಣೆಯಾದ ಯುವಕರು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಾಸರಗೋಡು ಜಿಲ್ಲೆಯ ಕಥೋಲಿಕ ಮತ್ತು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳ ಓದುಗರಿಂದ ಬಂದ ಪ್ರಶ್ನೆಗಳಿವು. ಧ್ವನಿ ಮತ್ತು ಪ್ರಸಾರದ ಕೆಲಸ ಬಲ್ಲವರು, ಯುವಜನರ ನಡುವೆ ಸೇವೆ ಮಾಡುವವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಭಾನುವಾರದ ಬಲಿಪೂಜೆ ಯೂಟ್ಯೂಬಿನಲ್ಲಿ ಲೈವ್ ಹೋಗುತ್ತದೆ. ಚಿತ್ರ ಪರವಾಗಿಲ್ಲ, ಆದರೆ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಕೆಲವೊಮ್ಮೆ ನಡುವೆಯೇ ನಿಂತುಹೋಗುತ್ತದೆ. ಹೊಸ ಕ್ಯಾಮೆರಾ ಕೊಳ್ಳೋಣ ಎನ್ನುತ್ತಿದ್ದಾರೆ. (ಕುಂಬಳೆ ಕಡೆಯ ಓದುಗರು)

ದಯವಿಟ್ಟು ಕ್ಯಾಮೆರಾಕ್ಕೆ ದುಡ್ಡು ಹಾಕಬೇಡಿ. ಚಿತ್ರ ಮಸುಕಾದರೂ ಜನ ನೋಡುತ್ತಾರೆ, ಮಾತು ತಿಳಿಯದಿದ್ದರೆ ಎರಡೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಹಿಂದಿನ ಬೆಂಚಿನ ಬಳಿ ನಿಲ್ಲಿಸಿದ ಫೋನಿನ ಮೈಕು ಗುರುಗಳ ಧ್ವನಿಗಿಂತ ಹೆಚ್ಚಾಗಿ ಗೋಡೆಗೆ ಬಡಿದು ಬಂದ ಪ್ರತಿಧ್ವನಿಯನ್ನೂ ಫ್ಯಾನಿನ ಸದ್ದನ್ನೂ ಹಿಡಿಯುತ್ತದೆ. ಎತ್ತರದ ಛಾವಣಿಯ ಹಳೆಯ ಚರ್ಚುಗಳಲ್ಲಂತೂ ಇದು ಇನ್ನೂ ಜಾಸ್ತಿ.

ಧ್ವನಿಯನ್ನು ಮೈಕುಗಳೆಲ್ಲ ಬಂದು ಸೇರುವ ಮಿಕ್ಸರಿನಿಂದಲೇ ನೇರವಾಗಿ ತೆಗೆದುಕೊಳ್ಳಿ. ಹಾಲಿನ ಸ್ಪೀಕರಿಗೆ ಹೋಗುವ ಮುಖ್ಯ ಔಟ್‌ಪುಟ್ ಬೇಡ, ಬೇರೆಯೇ ಮಿಶ್ರಣ ಮಾಡಿಕೊಳ್ಳಬಹುದಾದ ‘ಆಕ್ಸ್’ ಔಟ್‌ಪುಟ್ ಬಳಸಿ. ಗಾಯನ ಮಂಡಳಿ ಮೈಕಿಲ್ಲದೆಯೂ ಹಾಲಿನಲ್ಲಿ ಕೇಳಿಸುವುದರಿಂದ ಅದರ ಮಟ್ಟವನ್ನು ಮಿಕ್ಸರಿನಲ್ಲಿ ಕಡಿಮೆ ಇಟ್ಟಿರುತ್ತಾರೆ. ಅದೇ ಮಿಶ್ರಣ ಲೈವ್‌ಗೆ ಹೋದರೆ ಹಾಡು ಮಾಯ. ಆಕ್ಸ್ ಅನ್ನು ಪ್ರೀ-ಫೇಡರ್‌ಗೆ ಇಟ್ಟರೆ ಹಾಲಿನ ಧ್ವನಿಯನ್ನು ಯಾರು ಏರಿಸಿದರೂ ಇಳಿಸಿದರೂ ಲೈವ್‌ಗೆ ತಟ್ಟುವುದಿಲ್ಲ. ಆಕ್ಸಿನಿಂದ ಬಂದ ತಂತಿಯನ್ನು ಫೋನಿನ ಹೆಡ್‌ಫೋನ್ ರಂಧ್ರಕ್ಕೆ ನೇರವಾಗಿ ಚುಚ್ಚಬೇಡಿ. ಮಿಕ್ಸರಿನ ಲೈನ್ ಸಂಕೇತ ಮೈಕಿನ ಸಂಕೇತಕ್ಕಿಂತ ಬಹಳ ಬಲವಾದದ್ದು, ಧ್ವನಿ ಒಡೆಯುತ್ತದೆ. ನಡುವೆ ಆ ಸಂಕೇತವನ್ನು ಫೋನಿಗೆ ತಕ್ಕಂತೆ ಬದಲಿಸುವ ಒಂದು ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಇರಲಿ. ಧ್ವನಿಮಟ್ಟ ತೋರಿಸುವ ಮೀಟರಿನಲ್ಲಿ ಮಾತು ಮೈನಸ್ 18ರಿಂದ ಮೈನಸ್ 12 ಡೆಸಿಬಲ್ ನಡುವೆ ಇರಲಿ, ಹಾಡಿನ ಅತಿ ಜೋರಾದ ಘಟ್ಟವೂ ಮೈನಸ್ 6 ದಾಟದಿರಲಿ. ಜನರ ಕಡೆಗೆ ತಿರುಗಿಸಿದ ಒಂದು ಮೈಕನ್ನು ಸಣ್ಣ ಮಟ್ಟದಲ್ಲಿ ಸೇರಿಸಿ. ಸಭೆಯ ಪ್ರತ್ಯುತ್ತರ ಕೇಳದ ಪೂಜೆ ಮನೆಯಲ್ಲಿ ಕೂತವರಿಗೆ ಬರೀ ಭಾಷಣದಂತೆ ಆಗಿಬಿಡುತ್ತದೆ. ಗುಂಯ್ ಎನ್ನುವ ಸದ್ದಿದ್ದರೆ ಫೋನಿನ ಚಾರ್ಜರ್ ಕಿತ್ತು ಪವರ್ ಬ್ಯಾಂಕಿನಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಅದು ಅರ್ಥಿಂಗಿನ ತೊಂದರೆ, ಆಡಿಯೊ ಐಸೊಲೇಟರ್ ಹಾಕಿದರೆ ಹೋಗುತ್ತದೆ.

ಇನ್ನು ನಿಂತುಹೋಗುವುದು. ಲೆಕ್ಕ ಹಾಕಿ: ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸಿದರೆ ಗಂಟೆಗೆ 1.8 ಜಿಬಿ ಖರ್ಚು. ದಿನಕ್ಕೆ 1.5 ಜಿಬಿಯ ಪ್ಯಾಕ್ ಇರುವ ಫೋನು 50 ನಿಮಿಷಕ್ಕೆ ಕೈಕೊಡುತ್ತದೆ, ಅಂದರೆ ಸರಿಯಾಗಿ ಪರಮಪ್ರಸಾದದ ಹೊತ್ತಿಗೆ. 720ಪಿ ಚಿತ್ರಕ್ಕೆ 2.5 ಮೆಗಾಬಿಟ್ ಸಾಕು. ಆಗ ಅದೇ ಪ್ಯಾಕ್ 80 ನಿಮಿಷ ಬರುತ್ತದೆ, ಆದರೆ ಹಬ್ಬದ ಪೂಜೆಗೆ ಅದೂ ಸಾಲದು. ಫೈಬರ್ ಸಂಪರ್ಕವೇ ಸರಿ. ಅಪ್‌ಲೋಡ್ ವೇಗ ನೀವು ಕಳುಹಿಸುವುದರ ಎರಡು ಪಟ್ಟು ಇರಬೇಕು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ವೈಫೈ ಮಾತ್ರ ತೆರೆದಿಡಿ, ಇಲ್ಲವಾದರೆ ಒಂದು ಕರೆ ಬಂದರೂ ಧ್ವನಿ ಕಡಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಇನ್‌ವರ್ಟರ್ ದೀಪಕ್ಕೆ ಮಾತ್ರ ಇದ್ದು ರೌಟರ್ ಆರಿಹೋಗುವುದುಂಟು. ರೌಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗಿನ ದಿನಗಳಲ್ಲಿ ಪೂಜೆ ಮುಗಿದೊಡನೆ ಮಿಕ್ಸರ್, ರೌಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ.

ಪ್ರಶ್ನೆ: ಗಲ್ಫಿನಲ್ಲಿರುವ ನಮ್ಮವರಿಗೆಂದು ಲೈವ್ ಶುರು ಮಾಡಿದೆವು. ಅಲ್ಲಿಂದ ನೋಡುವವರು ಬೆರಳೆಣಿಕೆಯಷ್ಟು. (ಉಪ್ಪಳ)

ಗಡಿಯಾರ ನೋಡಿ. ಇಲ್ಲಿ ಬೆಳಗ್ಗೆ 7.30 ಆದಾಗ ದುಬೈಯಲ್ಲಿ 6, ಕುವೈತ್, ಕತಾರ್, ಸೌದಿಯಲ್ಲಿ ನಸುಕಿನ 5. ಯುಎಇಯಲ್ಲಿ 2022ರಿಂದ ಭಾನುವಾರ ರಜೆ ಇದೆ, ಉಳಿದ ಕಡೆ ಶುಕ್ರವಾರ-ಶನಿವಾರ ರಜೆಯಾದ್ದರಿಂದ ಭಾನುವಾರ ಕೆಲಸದ ದಿನ. ಅವರಿಗೆ ಬೇಕಾದ್ದು ಲೈವ್ ಅಲ್ಲ. ಪ್ರಬೋಧನೆಯನ್ನು ಮಾತ್ರ ಕತ್ತರಿಸಿ, ಏಳೆಂಟು ನಿಮಿಷದ ಆಡಿಯೊ ಮಾಡಿ ಭಾನುವಾರ ಸಂಜೆಯೇ ವಾಟ್ಸಾಪಿಗೆ ಹಾಕಿ. ಬಸ್ಸಿನಲ್ಲಿ ಹೋಗುತ್ತಾ ಕೇಳುತ್ತಾರೆ. ಲೈವ್ ಇರಲಿ, ಅದು ಊರಲ್ಲೇ ಮಂಚ ಹಿಡಿದಿರುವ ಅಜ್ಜ-ಅಜ್ಜಿಯರಿಗೆ. ಮಾತೆ ಮರಿಯಳ ಜನ್ಮದಿನವಾದ ಮೊಂತಿ ಹಬ್ಬದ ಮಾತು ಬೇರೆ. ಸೆಪ್ಟೆಂಬರ್ 8ರಂದು ತೆನೆ ಆಶೀರ್ವಾದ ನೋಡಲು ರಜೆ ಹಾಕಿ ಕೂರುವವರಿದ್ದಾರೆ, ಆ ದಿನದ ಪ್ರಸಾರಕ್ಕೆ ಹಿಂದಿನ ದಿನವೇ ಪೂರ್ತಿ ತಾಲೀಮು ಮಾಡಿ.

ಪ್ರಶ್ನೆ: ದೃಢೀಕರಣ ಸಂಸ್ಕಾರ ಮುಗಿದ ಮೇಲೆ ಮಕ್ಕಳು ಚರ್ಚಿನ ಕಡೆ ತಲೆ ಹಾಕುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಹಾಕಿದರೆ ಬರುತ್ತಾರೆಯೇ? (ಮಂಜೇಶ್ವರ ತಾಲೂಕಿನ ಪಾಲನಾ ಪರಿಷತ್ ಸದಸ್ಯರು)

ಬರುವುದಿಲ್ಲ. ರೀಲ್ಸ್ ನೋಡುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ನಿಮ್ಮ ಪತ್ರದಲ್ಲೇ ಇನ್ನೊಂದು ಸಾಲಿತ್ತು: ‘ಮೊಬೈಲ್ ಕೆಲಸಕ್ಕೆ ಮಾತ್ರ ಯುವಕರನ್ನು ಕರೆಯುತ್ತೇವೆ.’ ತೊಂದರೆ ಇರುವುದು ಅಲ್ಲಿ. ಲೈವ್ ಮಾಡಲು, ಪೋಸ್ಟರ್ ಮಾಡಲು, ಪ್ರೊಜೆಕ್ಟರ್ ಜೋಡಿಸಲು ಅವರು ಬೇಕು, ತೀರ್ಮಾನ ಮಾಡುವಾಗ ಬೇಡ ಎಂದರೆ ಯಾರು ಉಳಿಯುತ್ತಾರೆ?

ಮೊದಲ ಹೆಜ್ಜೆಯಾಗಿ, ಹುದ್ದೆಯ ಬಲದಿಂದಲ್ಲದೆ ಯುವಜನರೇ ಆರಿಸಿದ ಇಬ್ಬರಿಗೆ, ಒಬ್ಬ ಹುಡುಗಿ ಮತ್ತು ಒಬ್ಬ ಹುಡುಗನಿಗೆ, ಪರಿಷತ್ತಿನಲ್ಲಿ ಜಾಗ ಕೊಡಿ. ತಿಂಗಳಿಗೆ ಇಂತಿಷ್ಟು ಎಂದು ಸಣ್ಣ ಮೊತ್ತವೊಂದನ್ನು ಬಜೆಟ್ಟಿನಲ್ಲಿ ಬರೆದೇ ಕೊಡಿ, 3,000 ರೂಪಾಯಿ ಆದರೂ ಸಾಕು. ಖರ್ಚು ಅವರದ್ದು, ಲೆಕ್ಕವನ್ನೂ ಅವರೇ ಒಪ್ಪಿಸಲಿ. ಪ್ರತಿ ರಸೀದಿಗೂ ಹಿರಿಯರ ಸಹಿಗೆ ಅಲೆಸಿದರೆ ಎರಡನೇ ತಿಂಗಳಿಗೆ ಕೈಬಿಡುತ್ತಾರೆ.

ಪ್ರಸಾರದ ಕೆಲಸಕ್ಕೆ ಕನಿಷ್ಠ ನಾಲ್ಕು ಜೋಡಿ ಬೇಕು. ತಿಂಗಳಲ್ಲಿ ಒಂದು ಭಾನುವಾರ ಮಾತ್ರ ಒಬ್ಬರ ಸರದಿ. ಇದನ್ನು ಬಹಳ ಚರ್ಚುಗಳು ಮರೆಯುತ್ತವೆ: ಒಬ್ಬನೇ ಹುಡುಗ ವರ್ಷಪೂರ್ತಿ ಟ್ರೈಪಾಡಿನ ಹಿಂದೆ ನಿಂತರೆ ಅವನು ಪೂಜೆಯಲ್ಲಿ ಇದ್ದೂ ಇಲ್ಲದವನು. ಕೊನೆಗೆ ಪಟ್ಟಣದಲ್ಲಿ ಕೆಲಸ ಸಿಕ್ಕಿ ಹೋಗುವಾಗ ಚಾನೆಲಿನ ಪಾಸ್‌ವರ್ಡೂ ಅವನ ಜೊತೆ ಹೋಗುತ್ತದೆ. ಖಾತೆ ಚರ್ಚಿನ ಇಮೇಲಿನಲ್ಲಿರಲಿ, ಇನ್ನಿಬ್ಬರನ್ನು ಮ್ಯಾನೇಜರುಗಳಾಗಿ ಸೇರಿಸಿ.

ವಿಷಯ ಏನು ಹಾಕುವುದು? ಹೆಸರು ಕೇಳದ ಒಂದು ಫಾರ್ಮ್ ಇಟ್ಟು ಪ್ರಶ್ನೆ ಕೇಳಲು ಹೇಳಿ. ಬೇರೆ ಧರ್ಮದವರನ್ನು ಮದುವೆಯಾಗುವುದು, ಪರೀಕ್ಷೆ ಫೇಲಾದದ್ದು, ಆ್ಯಪ್‌ಗಳಲ್ಲಿ ಮಾಡಿದ ಸಾಲ, ದೇವರ ಮೇಲಿನ ಸಂಶಯ, ಇಂಥವನ್ನು ಕೇಳಲು ಮಕ್ಕಳಿಗೆ ಬೇರೆ ಜಾಗವಿಲ್ಲ. ವಾರಕ್ಕೆ ಒಂದೇ ಪ್ರಶ್ನೆ ಆರಿಸಿ, ಗುರುಗಳು ಅಥವಾ ಸಿಸ್ಟರ್ ತೊಂಬತ್ತು ಸೆಕೆಂಡಿನಲ್ಲಿ ನೇರ ಉತ್ತರ ಕೊಡಲಿ. ಪೀಠಿಕೆ, ಸಂಗೀತ ಯಾವುದೂ ಬೇಡ. ಅದರ ಕೆಳಗೆ ಬಂದ ಪ್ರತಿ ಸಂದೇಶಕ್ಕೂ ಒಂದು ದಿನದೊಳಗೆ ಮನುಷ್ಯರೇ ಉತ್ತರಿಸಬೇಕು, ಯಾರ ಸರದಿ ಎಂಬ ಪಟ್ಟಿ ಇರಬೇಕು. ರಾತ್ರಿ ಹೊತ್ತು ಜೀವದ ಮೇಲೆ ಬೇಸತ್ತು ಬರೆಯುವವರೂ ಇರುತ್ತಾರೆ. ಸರದಿಯವರಿಗೆ ಟೆಲಿ-ಮಾನಸ್ ಸಹಾಯವಾಣಿ 14416 ಬಾಯಿಪಾಠವಿರಲಿ. ಸಂಖ್ಯೆ ಕಳುಹಿಸಿ ಸುಮ್ಮನಾಗದೆ ಆಗಲೇ ಫೋನ್ ಮಾಡಿ ಮಾತಾಡಿಸಿ, ಹತ್ತಿರದಲ್ಲಿರುವ ಹಿರಿಯರೊಬ್ಬರನ್ನು ಆ ಮನೆಗೆ ಕಳುಹಿಸಿ. ವಾರಕ್ಕೊಂದು ಉತ್ತರ, ದಿನದೊಳಗೆ ಮರುಮಾತು, ಇಷ್ಟನ್ನು ಆರು ತಿಂಗಳು ಬಿಡದೆ ನಡೆಸಿ. ಅಲ್ಲಿಯವರೆಗೆ ರೀಲ್ಸಿನ ಯೋಚನೆ ಬೇಡ.

ಪ್ರಶ್ನೆ: ನಮ್ಮದು ಸಿಎಸ್‌ಐ ಕನ್ನಡ ಸಭೆ. ಮಲಯಾಳ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕೀರ್ತನೆ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಾರೆ. (ಕಾಸರಗೋಡು)

ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಷನ್‌ನವರ ಕೈಯಿಂದ. ಆ ಪರಂಪರೆಯ ಸಭೆಯಲ್ಲಿ ಮಕ್ಕಳು ಬಾಯಿ ಮುಚ್ಚಿ ನಿಲ್ಲುವುದು ನಿಜಕ್ಕೂ ನೋವಿನ ಸಂಗತಿ, ಆದರೆ ಸರಿಪಡಿಸಬಹುದಾದದ್ದು.

ಪರದೆಯ ಮೇಲೆ ಮೇಲಿನ ಸಾಲು ಕನ್ನಡದಲ್ಲಿ, ಅದರ ಕೆಳಗೆ ಅದೇ ಸಾಲು ಮಲಯಾಳ ಲಿಪಿಯಲ್ಲಿ. ‘ಅಕ್ಷರಮುಖ’ ಎಂಬ ಉಚಿತ ಜಾಲತಾಣ ಲಿಪಿ ಬದಲಿಸಿ ಕೊಡುತ್ತದೆ. ಎ-ಏ, ಒ-ಓ ವ್ಯತ್ಯಾಸ ಎರಡೂ ಲಿಪಿಗಳಲ್ಲಿ ಇರುವುದರಿಂದ ಉಚ್ಚಾರ ಕೆಡುವುದಿಲ್ಲ. ರೋಮನ್ ಅಕ್ಷರಕ್ಕಿಂತ ಇದೇ ಮೇಲು. ಹಾಡು ತೋರಿಸಲು ‘ಓಪನ್‌ಎಲ್‌ಪಿ’ ಉಚಿತ ತಂತ್ರಾಂಶ, ಒಮ್ಮೆ ತುಂಬಿದರೆ ಎಲ್ಲ ಭಾನುವಾರಕ್ಕೂ ಆಯಿತು. ನಿಮ್ಮ ಹಳೆಯ ಕಡತಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಕಡ್ಡಾಯವಾಗಿ ಕಣ್ಣಲ್ಲಿ ಓದಿ. ‘ಕರ್ತನೇ’ ಎಂಬಂಥ ಪದಗಳಲ್ಲಿ ಅರ್ಕಾವತ್ತು ಜಾಗ ತಪ್ಪಿರುತ್ತದೆ. ಒಂದು ಪರದೆಗೆ ಎರಡು ಲಿಪಿ ಸೇರಿ ನಾಲ್ಕು ಸಾಲು ದಾಟಬಾರದು. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಂಗ್ಲಿಷಿನ ಅಳತೆಯಲ್ಲೇ ಬಿಟ್ಟರೆ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗುತ್ತದೆ.

ವೇದವಾಕ್ಯ ತೋರಿಸುವಾಗ ಹಕ್ಕುಸ್ವಾಮ್ಯ ನೆನಪಿರಲಿ. ಐಆರ್‌ವಿ (ಇಂಡಿಯನ್ ರಿವೈಸ್ಡ್ ವರ್ಷನ್) ಕನ್ನಡ ಬೈಬಲ್ ಅನುವಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಮೂಲ ಹೆಸರಿಸಿ ಬಳಸಬಹುದು.

ಎರಡು ಲಿಪಿ ಊರುಗೋಲು ಮಾತ್ರ. ಸಂಡೇ ಸ್ಕೂಲಿನಲ್ಲಿ ಪ್ರತಿ ವಾರ ಹತ್ತು ನಿಮಿಷ ಅಕ್ಷರಕ್ಕೆ ಮೀಸಲಿಡಿ. ಬಾಯಿಪಾಠವಿರುವ ಹಾಡನ್ನೇ ಪಠ್ಯವಾಗಿ ಕೊಟ್ಟರೆ ಬೇಗ ಹಿಡಿಯುತ್ತಾರೆ.

ಪ್ರಶ್ನೆ: ಅಂತ್ಯಕ್ರಿಯೆಯ ಲೈವ್ ಕೇಳುವವರು ಹೆಚ್ಚಾಗಿದ್ದಾರೆ. ಹೇಗೆ ಮಾಡುವುದು ಸರಿ? (ಬದಿಯಡ್ಕ)

ತಾಯಿ ತೀರಿಕೊಂಡು, ವಿದೇಶದಲ್ಲಿರುವ ಮಗನಿಗೆ ರಜೆ ಸಿಗದಾಗ ಇದು ದೊಡ್ಡ ಸೇವೆ. ಆದರೆ ಮರಣದ ದಿನ ಹೊಸ ಚಾನೆಲ್ ತೆರೆಯಲು ಆಗುವುದಿಲ್ಲ. ಯೂಟ್ಯೂಬಿನಲ್ಲಿ ಲೈವ್ ಸೌಲಭ್ಯ ತೆರೆದುಕೊಳ್ಳಲು 24 ಗಂಟೆವರೆಗೆ ಬೇಕು, ಮೊಬೈಲಿನಿಂದಲೇ ಹೋಗಲು ಕನಿಷ್ಠ 50 ಚಂದಾದಾರರು ಇರಬೇಕು. ಚರ್ಚಿನ ಚಾನೆಲ್ ಮೊದಲೇ ಸಿದ್ಧವಿರಲಿ. ಪ್ರಸಾರವನ್ನು ‘ಅನ್‌ಲಿಸ್ಟೆಡ್’ (ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ) ಇಟ್ಟು ಕೊಂಡಿಯನ್ನು ಮನೆಯವರಿಗಷ್ಟೇ ಕೊಡಿ, ಚಾಟ್ ಮುಚ್ಚಿ. ಮುಖದ ಹತ್ತಿರದ ಚಿತ್ರ ಬೇಕೇ ಬೇಡವೇ ಎಂದು ಮನೆಯವರನ್ನೇ ಕೇಳಿ. ಅಳುವವರ ಮುಖಕ್ಕೆ ಜೂಮ್ ಮಾಡಲೇಬಾರದು.

ಯೂಟ್ಯೂಬ್ ಹಲವು ಸೆಕೆಂಡು ತಡವಾಗಿ ತಲುಪುತ್ತದೆ, ಅಲ್ಲಿಂದ ಮಾತು ಹಿಂದಿರುಗುವುದೂ ಇಲ್ಲ. ಆದ್ದರಿಂದ ಶವಪೆಟ್ಟಿಗೆ ಮುಚ್ಚುವ ಮೊದಲು ಬೇರೊಂದು ಫೋನಿನಲ್ಲಿ ಮಗನಿಗೆ ವಾಟ್ಸಾಪ್ ವಿಡಿಯೊ ಕರೆ ಮಾಡಿ, ಸಂಬಂಧಿಕರೊಬ್ಬರು ಅದನ್ನು ಹಿಡಿದುಕೊಳ್ಳಲಿ. ಅವನು ತಾಯಿಗೆ ಹೇಳಬೇಕಾದ್ದನ್ನು ಹೇಳಲು ಎರಡು ನಿಮಿಷ ಸಿಗಲಿ, ಆ ಹೊತ್ತಿಗೆ ಗುರುಗಳು ಕಾಯಲಿ. ಸಮಾಧಿಯ ಬಳಿ ಚರ್ಚಿನ ವೈಫೈ ತಲುಪುವುದಿಲ್ಲ. ಎರಡು ಕಂಪನಿಗಳ ಸಿಮ್ ಹಿಡಿದು ಯಾವುದರ ಸಿಗ್ನಲ್ ಬರುತ್ತದೆ ಎಂದು ಮೊದಲೇ ನೋಡಿಡಿ. ಗುರುಗಳ ಅಂಗಿಗೆ ಕ್ಲಿಪ್ ಮೈಕು, ಅದಕ್ಕೆ ಗಾಳಿ ತಡೆಯುವ ಸ್ಪಂಜು, ಫೋನ್ ಹಿಡಿದವರಿಗೆ ಇನ್ನೊಬ್ಬರ ಕೊಡೆ. ಜುಲೈ ಮಳೆಯಲ್ಲಿ ಒದ್ದೆ ಬೆರಳಿಗೆ ಪರದೆ ಸ್ಪಂದಿಸದೆ ಪ್ರಸಾರ ನಿಲ್ಲುವುದು ಸಾಮಾನ್ಯ.

ಪ್ರಶ್ನೆ: ಕ್ಯಾಟೆಕಿಸಂ ಮಕ್ಕಳ ವಾಟ್ಸಾಪ್ ಗುಂಪು ಮಾಡಬಹುದೇ? (ಹೆಸರು, ಊರು ಬೇಡ)

ಮಕ್ಕಳದ್ದು ಬೇಡ, ಹೆತ್ತವರದ್ದು ಮಾಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಕಾಣುತ್ತದೆ, ಹೆತ್ತವರ ಒಪ್ಪಿಗೆ ಬೇಕು. ಶಿಕ್ಷಕರು ಮಗುವಿಗೆ ಖಾಸಗಿ ಸಂದೇಶ ಕಳುಹಿಸಬಾರದು ಎಂಬುದು ಬರೆದಿಟ್ಟ ನಿಯಮವಾಗಿರಲಿ, ಯಾವ ಗುಂಪಿನಲ್ಲೂ ಇಬ್ಬರು ದೊಡ್ಡವರಿರಲಿ. ಪ್ರಥಮ ಪರಮಪ್ರಸಾದದ ಫೋಟೊಗೆ ಹೆಸರು, ಶಾಲೆ ಸೇರಿಸಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಚರ್ಚಿನೊಳಗೇ ‘ಸರಿಮಾಡುವ’ ಅಧಿಕಾರ ಯಾರಿಗೂ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಫೋನಿನಲ್ಲಿ ಪಾಪನಿವೇದನೆ ಮಾಡಬಹುದೇ? (ವರ್ಕಾಡಿ)

ಇಲ್ಲ. ಕಥೋಲಿಕ ಸಭೆಯಲ್ಲಿ ಗುರುಗಳ ಮುಂದೆ ಖುದ್ದಾಗಿ ಇರಬೇಕು. ಮಾತಾಡಲು, ಸಲಹೆ ಕೇಳಲು ಫೋನ್ ಮಾಡಬಹುದು, ಸಮಯವನ್ನೂ ಫೋನಿನಲ್ಲೇ ಗೊತ್ತುಮಾಡಿಕೊಳ್ಳಬಹುದು.

ಪ್ರಶ್ನೆ: ಕಾಣಿಕೆಗೆ ಕ್ಯೂಆರ್ ಇಟ್ಟಿದ್ದೇವೆ. ವಿದೇಶದಿಂದಲೂ ಹಣ ಬರುತ್ತಿದೆ. ಎಚ್ಚರಿಕೆ ಏನು? (ಚರ್ಚ್ ಕಾರ್ಯದರ್ಶಿಯೊಬ್ಬರು)

ಖಾತೆ ಚರ್ಚಿನ ಹೆಸರಿನಲ್ಲೇ ಇರಬೇಕು, ಗುರುಗಳ ಅಥವಾ ಖಜಾಂಚಿಯ ಸ್ವಂತ ಖಾತೆ ಕೂಡದು. ಕ್ಯೂಆರ್ ಮೇಲೆ ಇನ್ನೊಂದು ಚೀಟಿ ಅಂಟಿಸಿ ಹಣ ತಿರುಗಿಸುವ ವಂಚನೆ ಇದೆ. ಗಾಜಿನ ಹಿಂದೆ ಇಡಿ, ಪ್ರತಿ ಭಾನುವಾರ ಪೂಜೆಗೆ ಮೊದಲು ಒಬ್ಬರು 1 ರೂಪಾಯಿ ಕಳುಹಿಸಿ ಹೆಸರು ಸರಿಯಿದೆಯೇ ನೋಡಲಿ. ಗುರುಗಳ ಫೋಟೊ ಹಾಕಿದ ಅಪರಿಚಿತ ಸಂಖ್ಯೆಯಿಂದ ‘ತುರ್ತಾಗಿ ಹಣ ಬೇಕು’ ಎಂದು ಬಂದರೆ ಯಾರೂ ಕಳುಹಿಸಬಾರದು ಎಂದು ಪ್ರಕಟಣೆಯಲ್ಲಿ ಹೇಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಿದೇಶದ ಹಣದಲ್ಲಿ ನೋಡಬೇಕಾದ್ದು ಕೊಡುವವರ ಊರಲ್ಲ, ಪೌರತ್ವ. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಂಡರೆ ಸಾಕು. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಂಥ ಮೊತ್ತ ಊರಿನ ಖಾತೆಗೆ ಬಂದಿದ್ದರೆ ಖರ್ಚು ಮಾಡದೆ ಹಾಗೇ ಇಟ್ಟು, ಅದೇ ವಾರ ಲೆಕ್ಕಪರಿಶೋಧಕರನ್ನು ಕಾಣಿ.