ಅಡುಗೆಮನೆಯಲ್ಲಿ ಸಿಕ್ಕ ಸಾಕ್ಷ್ಯ

ಪ್ರಶ್ನೆ: ಏಕಾಂಕಗಳ ಸಂಕಲನವೊಂದರಲ್ಲಿ ‘ಟ್ರೈಫಲ್ಸ್’ ನಾಟಕವನ್ನು ಓದಿದೆ. ಅದನ್ನು ಬರೆದ ಸೂಸನ್ ಗ್ಲಾಸ್ಪೆಲ್ ಯಾರು? ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದರೂ ಅಮೆರಿಕದ ನಾಟಕಕಾರ ಯೂಜೀನ್ ಓನೀಲ್ ಅವರಷ್ಟು ಅವರು ಪರಿಚಿತರಾಗಲಿಲ್ಲವೇಕೆ?

ಉತ್ತರ: ಸೂಸನ್ ಗ್ಲಾಸ್ಪೆಲ್ 1876ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಡ್ಯಾವೆನ್‌ಪೋರ್ಟ್‌ನಲ್ಲಿ ಹುಟ್ಟಿದರು. ಡ್ರೇಕ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಪತ್ರಿಕೆಯೊಂದರ ವರದಿಗಾರ್ತಿಯಾದರು. 1900ರ ಡಿಸೆಂಬರಿನಲ್ಲಿ ಜಾನ್ ಹೊಸಾಕ್ ಎಂಬ ರೈತ ಮಲಗಿದ್ದಲ್ಲೇ ಕೊಡಲಿಯೇಟಿಗೆ ಬಲಿಯಾದಾಗ, ಆರೋಪ ಅವನ ಹೆಂಡತಿ ಮಾರ್ಗರೆಟ್ ಮೇಲೆ ಬಂತು. ಮೊದಮೊದಲು ಆ ಹೆಂಗಸನ್ನು ಕಲ್ಲೆದೆಯವಳೆಂಬಂತೆ ಚಿತ್ರಿಸಿದ ಗ್ಲಾಸ್ಪೆಲ್ ಅವರ ವರದಿಗಳು, ಆ ತೋಟದ ಮನೆಯನ್ನು ಕಣ್ಣಾರೆ ಕಂಡ ಮೇಲೆ ಮೆತ್ತಗಾದವು. ಹೆಂಗಸರಿಗೆ ಪ್ರವೇಶವಿಲ್ಲದ ಜ್ಯೂರಿ 1901ರಲ್ಲಿ ಆಕೆಯನ್ನು ಅಪರಾಧಿಯೆಂದು ತೀರ್ಮಾನಿಸಿತು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಗಿ, ಎರಡನೆಯ ವಿಚಾರಣೆ ಒಮ್ಮತವಿಲ್ಲದೆ ಮುಗಿಯಿತು.

ಹದಿನೈದು ವರ್ಷಗಳ ನಂತರ ಆ ತೋಟದ ಮನೆಯ ಅಡುಗೆಮನೆ ರಂಗಕ್ಕೆ ಬಂತು. 1913ರಲ್ಲಿ ಜಾರ್ಜ್ ಕ್ರ್ಯಾಮ್ ಕುಕ್ ಅವರನ್ನು ಮದುವೆಯಾಗಿದ್ದ ಗ್ಲಾಸ್ಪೆಲ್, ಪತಿ ಹಾಗೂ ಗೆಳೆಯರೊಂದಿಗೆ 1915ರಲ್ಲಿ ಮ್ಯಾಸಚೂಸೆಟ್ಸ್‌ನ ಕಡಲೂರು ಪ್ರಾವಿನ್ಸ್‌ಟೌನ್‌ನಲ್ಲಿ ‘ಪ್ರಾವಿನ್ಸ್‌ಟೌನ್ ಪ್ಲೇಯರ್ಸ್’ ತಂಡವನ್ನು ಕಟ್ಟಿದರು. ಕಡಲಕಟ್ಟೆಯ ಹಳೆಯ ಮೀನುಕೊಟ್ಟಿಗೆಯೇ ಅವರ ರಂಗಮಂದಿರ. 1916ರ ಬೇಸಿಗೆಯಲ್ಲಿ ಕುಕ್ ಅವರು ಹೆಂಡತಿಯ ನಾಟಕವೊಂದನ್ನು ಬರೆಯುವ ಮೊದಲೇ ಸಾರಿಬಿಟ್ಟಿದ್ದರು. ಗ್ಲಾಸ್ಪೆಲ್ ಬರಿದಾದ ರಂಗದ ಮುಂದೆ ಹೋಗಿ ಕುಳಿತು, ಅದು ಅಡುಗೆಮನೆಯಾಗಿ ಕಾಣುವವರೆಗೂ ದಿಟ್ಟಿಸಿದರು. ಅದೇ ಆಗಸ್ಟಿನಲ್ಲಿ ‘ಟ್ರೈಫಲ್ಸ್’ ಪ್ರದರ್ಶನಗೊಂಡಾಗ ಗಂಡನನ್ನು ಕೊಂದ ಆರೋಪ ಹೊತ್ತ ಹೆಂಗಸಿನ ನೆರೆಯವಳಾದ ಮಿಸೆಸ್ ಹೇಲ್ ಪಾತ್ರವನ್ನು ಅವರೇ ವಹಿಸಿದರು.

ನೀವು ಓದಿರುವುದರಿಂದ ಒಂದು ಜಾಗವನ್ನಷ್ಟೇ ನೆನಪಿಸುತ್ತೇನೆ. ಗಂಡಸರು ಸಾಕ್ಷ್ಯ ಹುಡುಕುತ್ತ ಹೊರಗಿನ ಕೊಟ್ಟಿಗೆಗೆ ಹೋಗಿದ್ದಾರೆ. ಅಡುಗೆಮನೆಯಲ್ಲಿ ಮಿಸೆಸ್ ಹೇಲ್ ಆರೋಪಿ ಹೊಲಿಯುತ್ತಿದ್ದ ಅರೆಬರೆ ಕೌದಿಯನ್ನು ಎತ್ತಿಕೊಳ್ಳುತ್ತಾಳೆ. ಉಳಿದ ಹೊಲಿಗೆಯೆಲ್ಲ ನೀಟಾಗಿದ್ದು, ಒಂದು ತುಂಡಿನಲ್ಲಿ ಮಾತ್ರ ಅಡ್ಡಾದಿಡ್ಡಿಯಾಗಿದೆ. ಆಕೆ ಆ ದಾರವನ್ನು ಎಳೆದು ಬಿಚ್ಚಿ ತಾನೇ ಹೊಲಿಯತೊಡಗುತ್ತಾಳೆ. ಕೊಲೆಯ ಕಾರಣವನ್ನು ಸೂಚಿಸುವ, ಕತ್ತು ಮುರಿದ ಸಾಕುಹಕ್ಕಿ ಸಿಗುವ ಮೊದಲೇ, ಆರೋಪಿಯನ್ನು ಕಾಪಾಡುವ ಆಕೆಯ ತೀರ್ಮಾನ ಆ ಸೂಜಿಯೊಂದಿಗೆ ಆಗಿಹೋಗಿದೆ. ಇಡೀ ನಾಟಕದಲ್ಲಿ ನನ್ನನ್ನು ಅತ್ಯಂತ ಹಿಡಿದು ನಿಲ್ಲಿಸುವುದು ಇದೇ.

ನಮ್ಮ ಓದುಗರು ಅವಶ್ಯ ಅರಿಯಬೇಕಾದ ಅವರ ಇನ್ನೊಂದು ನಾಟಕ 1921ರ ‘ಇನ್ಹೆರಿಟರ್ಸ್’. ಅಮೆರಿಕದ ಕಾಲೇಜೊಂದರಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ದನಿಯೆತ್ತಿದ ಭಾರತೀಯ ವಿದ್ಯಾರ್ಥಿಗಳ ಪರವಾಗಿ ನಿಂತು, ಸೆರೆವಾಸಕ್ಕೂ ಸಿದ್ಧಳಾಗುವ ಮ್ಯಾಡಲೀನ್ ಎಂಬ ಹುಡುಗಿಯ ಕಥೆ ಅದು. ಅದೇ ವರ್ಷದ ‘ದ ವರ್ಜ್’ ರಚನೆಯಲ್ಲಿ ಇನ್ನೂ ಸಾಹಸದ ನಾಟಕ.

ಓನೀಲ್ ಅವರ ನಾಟಕ ಮೊದಲು ರಂಗಕ್ಕೇರಿದ್ದೂ 1916ರಲ್ಲಿ, ಅದೇ ಮೀನುಕೊಟ್ಟಿಗೆಯಲ್ಲಿ. ಆಮೇಲೆ ಅವರು ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇ ತಲುಪಿದರು. ಗ್ಲಾಸ್ಪೆಲ್ 1922ರಲ್ಲಿ ತಂಡವನ್ನು ಬಿಟ್ಟು ಪತಿಯೊಂದಿಗೆ ಗ್ರೀಸ್‌ಗೆ ಹೋದರು. 1924ರಲ್ಲಿ ಕುಕ್ ಅಲ್ಲಿಯೇ ತೀರಿಕೊಂಡರು. ಅವರ ಜೀವನಚರಿತ್ರೆಯನ್ನು ಬರೆದ ಗ್ಲಾಸ್ಪೆಲ್, ತಂಡದ ಹಿರಿಮೆಯನ್ನೆಲ್ಲ ಪತಿಗೇ ಸಲ್ಲಿಸಿ ತಮ್ಮ ದುಡಿಮೆಯನ್ನು ಮರೆಮಾಡಿದರು. ಚರಿತ್ರಕಾರರು ಅದನ್ನೇ ನಂಬಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕವಿ ಎಮಿಲಿ ಡಿಕಿನ್ಸನ್ ಬದುಕಿನಿಂದ ಪ್ರೇರಿತವಾದ ‘ಆಲಿಸನ್ಸ್ ಹೌಸ್’ಗೆ 1931ರಲ್ಲಿ ಪುಲಿಟ್ಜರ್ ಬಂದಾಗ ಹಲವು ವಿಮರ್ಶಕರು ಆ ಆಯ್ಕೆಯನ್ನೇ ಟೀಕಿಸಿದರು. 1948ರಲ್ಲಿ ಪ್ರಾವಿನ್ಸ್‌ಟೌನ್‌ನಲ್ಲಿ ಅವರು ನಿಧನರಾದ ಮೇಲೆ, 1970ರ ದಶಕದಲ್ಲಿ ಸ್ತ್ರೀವಾದಿ ವಿಮರ್ಶಕಿಯರು ಮತ್ತೆ ಕೈಗೆತ್ತಿಕೊಳ್ಳುವವರೆಗೆ ಅವರ ಹೆಚ್ಚಿನ ಕೃತಿಗಳು ಓದುಗರ ಕಣ್ಣಿಗೆ ಬೀಳಲಿಲ್ಲ. ‘ಟ್ರೈಫಲ್ಸ್’ ಹಿಡಿಸಿದ್ದರೆ, ಅದನ್ನೇ ಅವರು 1917ರಲ್ಲಿ ಸಣ್ಣಕಥೆಯಾಗಿಸಿದ ‘ಎ ಜ್ಯೂರಿ ಆಫ್ ಹರ್ ಪಿಯರ್ಸ್’ ಅನ್ನು ಮುಂದೆ ಓದಿ. ಅಲ್ಲಿ ಮಿಸೆಸ್ ಹೇಲ್‌ಳ ಮನಸ್ಸಿನೊಳಕ್ಕೇ ಪ್ರವೇಶ ಸಿಗುತ್ತದೆ.