ರೇಸ್ ಟ್ರ್ಯಾಕ್ ಡ್ರೈವಿಂಗ್‌ಗೆ ಕಾರಿನೊಳಗೆ ಯಾವ ಕ್ಯಾಮೆರಾ? ಡ್ಯಾಶ್‌ಕ್ಯಾಮ್ ಸಾಕಾ?

ಡ್ಯಾಶ್‌ಕ್ಯಾಮ್ ಸಾಲದು. ಆಕ್ಷನ್ ಕ್ಯಾಮೆರಾ (ಎಲ್ಲಿ ಬೇಕಾದರೂ ಕೂರಿಸಬಹುದಾದ ಪುಟ್ಟ, ಗಟ್ಟಿ ಕ್ಯಾಮೆರಾ) ತೆಗೆದುಕೊಳ್ಳಿ, ಆದರೆ ಅದರಲ್ಲಿ ಸ್ಟೆಬಿಲೈಸೇಶನ್ (ಅಲುಗಾಟ ಸರಿಪಡಿಸುವ ಸೌಲಭ್ಯ) ಆಫ್ ಮಾಡಲು ಬರಬೇಕು.

ಕಾರಣ ಇಷ್ಟೇ. ಕ್ಯಾಮೆರಾ ಎಷ್ಟು ತಿರುಗಿತು ಎಂದು ಒಳಗಿನ ಗೈರೊ ಸೆನ್ಸರ್ ಅಳೆಯುತ್ತದೆ. ಟ್ರ್ಯಾಕ್‌ನಲ್ಲಿ ಇಡೀ ಕಾರೇ ತಿರುಗುತ್ತದಲ್ವಾ? ಸ್ಟೆಬಿಲೈಸೇಶನ್ ಅದನ್ನೂ ಅಲುಗಾಟ ಎಂದುಕೊಂಡು ಚಿತ್ರವನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ವಿಡಿಯೊದಲ್ಲಿ ಡ್ಯಾಶ್‌ಬೋರ್ಡ್, ಸ್ಟಿಯರಿಂಗ್ ಎಲ್ಲಾ ತೊಟ್ಟಿಲಿನ ಹಾಗೆ ತೂಗುತ್ತವೆ. ಕೈ ಎಷ್ಟು ತಿರುಗಿಸಿದಿರಿ ಅಂತ ಗೊತ್ತೇ ಆಗುವುದಿಲ್ಲ.

ಕೋಲಾರದಿಂದ ಚೆನ್ನೈ ಹೆದ್ದಾರಿ ಹಿಡಿದು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್‌ಗೆ ಹೋಗುವುದು ಡ್ರೈವಿಂಗ್ ತಿದ್ದಿಕೊಳ್ಳಲು ಅಂದಿದ್ದೀರಿ. ಹಾಗಾದರೆ ನೋಡಬೇಕಾದ್ದು ನಿಮ್ಮ ಕೈ. ಸಾಮಾನ್ಯ ಡ್ಯಾಶ್‌ಕ್ಯಾಮ್ ಗಾಜಿನಾಚೆಯ ರಸ್ತೆಯನ್ನಷ್ಟೇ ತೋರಿಸುತ್ತದೆ. ಆಕ್ಷನ್ ಕ್ಯಾಮೆರಾವನ್ನು ಎರಡು ಮುಂದಿನ ಸೀಟುಗಳ ನಡುವೆ, ಹೆಡ್‌ರೆಸ್ಟ್ ಕಂಬಿಗೆ ಗಟ್ಟಿ ಕ್ಲ್ಯಾಂಪ್ ಹಾಕಿ ಕೂರಿಸಿ. ಉದ್ದನೆಯ ತೋಳಿನ ಮೌಂಟ್ ಬೇಡ. ಇಂಜಿನ್ ನಡುಕಕ್ಕೆ ಚಿತ್ರ ಜೆಲ್ಲಿಯಂತೆ ಕುಲುಕುತ್ತದೆ. ಜೊತೆಗೊಂದು ದಾರ ಕಟ್ಟಿಬಿಡಿ, ಬ್ರೇಕ್ ಒತ್ತಿದಾಗ ಹಾರಿ ಪೆಡಲ್ ಕೆಳಗೆ ಹೋಗಬಾರದು.

ಕಾರು ಎಲ್ಲಿದೆ ಎಂದು ಸೆಕೆಂಡಿಗೆ ಒಂದೇ ಸಲ ದಾಖಲಿಸುವ ಜಿಪಿಎಸ್ ಕ್ಯಾಮೆರಾದಲ್ಲಿದೆ ಅಂತ ಅದಕ್ಕೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಕಾರು 33 ಮೀಟರ್ ಮುಂದಿರುತ್ತದೆ, ಬ್ರೇಕ್ ಎಲ್ಲಿ ಒತ್ತಿದಿರಿ ಅಂತ ಹೇಗೆ ತಿಳಿಯುತ್ತದೆ? 10 ಸಲ ದಾಖಲಿಸುವುದಾದರೆ ಅಂತರ ಮೂರು ಮೀಟರ್ ಚಿಲ್ಲರೆಗೆ ಇಳಿಯುತ್ತದೆ.

ವಿಡಿಯೊ 4ಕೆ ಗುಣಮಟ್ಟದಲ್ಲಿ ಬೇಕಾಗಿಲ್ಲ. ಅದರಲ್ಲಿ ತೆಗೆದರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಕ್ಯಾಮೆರಾ ಬೇಗ ಕಾದು ಆಫ್ ಆಗುತ್ತದೆ. 1080ಪಿ, ಸೆಕೆಂಡಿಗೆ 60 ಫ್ರೇಮ್ ಧಾರಾಳ ಸಾಕು.